ಸೊನ್ನೆ ಎಂದವರು ಯಾರು

ಗುಂಡಿ ಒತ್ತುವ ಮೊದಲು ಆಕೆ ಕೈ ತೊಳೆದುಕೊಂಡು ಬರುತ್ತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಅರಿಶಿನ ಬಣ್ಣದ ಒಂದು ಚೌಕವಿತ್ತು. ಅದನ್ನು ಒಮ್ಮೆ ಒತ್ತಿದರೆ ಕಾರ್ಖಾನೆಯ ಎಲ್ಲ ವಿಭಾಗಗಳ ಬಜೆಟ್ ಹಾಳೆಗಳು ಒಂದೊಂದಾಗಿ ತೆರೆದುಕೊಂಡು, ತಮ್ಮ ಅಂಕಿಗಳನ್ನು ಒಪ್ಪಿಸಿ, ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಗಾಜಿನ ಪೆಟ್ಟಿಗೆಯೊಳಗೆ ನಡೆಯುವ ಕೆಲಸಕ್ಕೆ ಕೈ ಯಾಕೆ ತೊಳೆಯಬೇಕೆಂದು ನಾನು ನಕ್ಕಿದ್ದೆ. "ನಗಬ್ಯಾಡ. ಇಷ್ಟೂ ಮಂದಿ ಲೆಕ್ಕ ಒಂದೇ ಪಾತ್ರೆಗೆ ಹಾಕಿ ಕಲಸ್ತೀವಿ. ಕೈ ಸ್ವಚ್ಛ ಇರಬೇಕು" ಎಂದಿದ್ದರು.

ಅವರನ್ನು ಹರಿಹರದಲ್ಲಿ ಮಣ್ಣು ಮಾಡಿ ಬಂದು ಕೆಲವು ವಾರಗಳಾದವು. ಇನ್ನೂ ಐವತ್ತು ದಾಟಿರಲಿಲ್ಲ. ಎದೆನೋವು ಬಂದಾಗ ಗ್ಯಾಸ್ ಇರಬೇಕೆಂದು ಗುಳಿಗೆ ನುಂಗಿ ಮನೆಯಲ್ಲೇ ಮಲಗಿದ್ದರಂತೆ. ಕೆಲಸ ಹೋದಾಗ ಅದರೊಂದಿಗೆ ವಿಮೆಯೂ ಹೋಗಿತ್ತು. ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಲು ಮನಸ್ಸು ಹಿಂಜರಿದಿತ್ತು. ಸಾವಿನ ಮನೆಯಲ್ಲಿ ಇದನ್ನು ಹಣೆಬರಹ ಎಂದವರಿದ್ದರು. ಅಲ್ಲಿ ವಾದ ಬೇಡವೆಂದು ಸುಮ್ಮನಿದ್ದೆ, ಇಲ್ಲಿ ಸುಮ್ಮನಿರಬೇಕಾಗಿಲ್ಲ. ಗುತ್ತಿಗೆ ಇರುವವರೆಗೆ ಮಾತ್ರ ದುಡಿಯುವ ದೇಹಕ್ಕೆ ಔಷಧ ಎನ್ನುವುದು ಮನುಷ್ಯರು ಕೂತು ಮಾಡಿದ ವ್ಯವಸ್ಥೆ. ಅದನ್ನು ಹಣೆಯ ಮೇಲೆ ಯಾರೂ ಬರೆದಿರುವುದಿಲ್ಲ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಎರಕದ ಕಾರ್ಖಾನೆಯಲ್ಲಿ, ಲೆಕ್ಕಪತ್ರ ವಿಭಾಗದಲ್ಲಿ, ನಾವಿಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡಿದವರು. ಅದರ ಮೇಲೆ ಕೊಟ್ಟ ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಕಾರ್ಖಾನೆಯನ್ನು ಹೆಸರಿಸುತ್ತಿಲ್ಲ. ಅಲ್ಲಿ ಕಾಯಂ ನೌಕರರ ಗುರುತಿನ ಚೀಟಿಗೆ ನೀಲಿ ದಾರ, ಗುತ್ತಿಗೆಯ ನಮಗೆ ಬೂದು ದಾರ. ಮಾಡುವ ಕೆಲಸ ಒಂದೇ. ಸಂಬಳ, ರಜೆ, ಕ್ಯಾಂಟೀನಿನಲ್ಲಿ ಕೂರುವ ಸರದಿ ಮಾತ್ರ ಬೇರೆ. ಒಂದೇ ಕೋಣೆಯಲ್ಲಿ ಮನುಷ್ಯರನ್ನು ದಾರದ ಬಣ್ಣದಿಂದ ವಿಂಗಡಿಸುವುದು ಅವಮಾನ ಎಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಅಕ್ಕ (ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೆಯೇ) ಆ ಬೂದು ದಾರವನ್ನು ಸೆರಗಿನೊಳಗೆ ಸೇರಿಸಿಕೊಳ್ಳದೆ, ಹೊರಗೆ ಎದ್ದು ಕಾಣುವಂತೆ ಹಾಕಿಕೊಳ್ಳುತ್ತಿದ್ದರು. ವಿನಯ ಅವರಿಗೆ ಒಗ್ಗುತ್ತಿರಲಿಲ್ಲ. ತಾವು ಜಾಣೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಉಳಿದವರಿಗೆ ಅದು ಗೊತ್ತಾಗದಿದ್ದರೆ ಸಿಟ್ಟು ಬರುತ್ತಿತ್ತು. ನನ್ನ ಕೆಲಸವನ್ನು ಅವರು ಹೊಗಳಿದ ನೆನಪಿಲ್ಲ. ತಪ್ಪಿಲ್ಲದಿದ್ದರೆ "ಹ್ಞೂಂ" ಎನ್ನುತ್ತಿದ್ದರು, ತಪ್ಪಿದ್ದರೆ ಕನ್ನಡಕವನ್ನು ಹಣೆಗೇರಿಸಿ, "ಕಣ್ಣು ಮನೇಲಿಟ್ಟು ಬಂದೀಯೇನಮ್ಮ?" ಎಂದು ಇಡೀ ಕೋಣೆಗೆ ಕೇಳುವಂತೆ ಕೇಳುತ್ತಿದ್ದರು.

ಬಜೆಟ್ ತಯಾರಿಸಲು ಕಂಪನಿ ಒಂದು ತಂತ್ರಾಂಶವನ್ನು ಕೊಂಡಿತ್ತು. ಅದು ನಾಜೂಕಿನ ಪ್ರಾಣಿ. ತನಗೆ ಬೇಕಾದ ಆಕಾರದಲ್ಲಿ ಅಂಕಿಗಳನ್ನು ಜೋಡಿಸಿಕೊಟ್ಟರೆ ಮಾತ್ರ ನುಂಗುತ್ತಿತ್ತು, ಒಂದು ಖಾಲಿ ಜಾಗ ಹೆಚ್ಚಾದರೂ ಉಗುಳುತ್ತಿತ್ತು. ವಿಭಾಗಗಳಿಂದ ಬರುವ ಹಾಳೆಗಳೋ, ಒಬ್ಬರದು ಒಂದು ರೀತಿ. ಒಬ್ಬರು ತಾರೀಕನ್ನು ತಿರುವಿ ಬರೆಯುವರು, ಇನ್ನೊಬ್ಬರು ಅಂಕಿಯ ಪಕ್ಕದಲ್ಲೇ "ಅಂದಾಜು" ಎಂದು ಸೇರಿಸುವರು. ಇವನ್ನೆಲ್ಲ ತಿದ್ದಿ ತುಂಬಲು ನಾವು ಕೆಲವು ಹೆಣ್ಣುಮಕ್ಕಳು ವಾರಗಟ್ಟಲೆ ಕತ್ತು ಬಗ್ಗಿಸಿ ಕೂರುತ್ತಿದ್ದೆವು. ಅಕ್ಕ ಇದಕ್ಕೆ ಮ್ಯಾಕ್ರೋ ಬರೆಯಲು ತೊಡಗಿದರು. ಹಾಳೆಯಲ್ಲಿ ನಾವು ಕೈಯಾರೆ ಮಾಡುವ ಕೆಲಸವನ್ನು ಒಮ್ಮೆ ಕಲಿಸಿಕೊಟ್ಟರೆ, ಕರೆದಾಗಲೆಲ್ಲ ತಾನೇ ಮಾಡಿ ಮುಗಿಸುವ ಆಜ್ಞೆಗಳ ಸಾಲಿಗೆ ಆ ಹೆಸರು. ಯಾರೂ ಹೇಳಿಕೊಡಲಿಲ್ಲ. ಊಟದ ಬಿಡುವಿನಲ್ಲಿ ಬುತ್ತಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಕಿರುಬೆರಳಿನಿಂದ ಕೀಲಿ ಒತ್ತುತ್ತ ಕಲಿತರು.

ಮ್ಯಾಕ್ರೋಗಳಿಗೆ ಅವರು ಅಡುಗೆಮನೆಯ ಹೆಸರಿಟ್ಟಿದ್ದರು, ಕನ್ನಡದ ಮಾತು, ಇಂಗ್ಲಿಷಿನ ಅಕ್ಷರ. ಖಾಲಿ ಜಾಗ ತೆಗೆಯುವುದು "ಕಸ ಗುಡಿಸು". ತಪ್ಪು ಅಂಕಿ ಹೆಕ್ಕುವುದು "ಅಕ್ಕಿ ಆರಿಸು". ಎಲ್ಲವನ್ನೂ ತಂತ್ರಾಂಶಕ್ಕೆ ಸಾಗಿಸುವುದು "ಒಲೆ ಹಚ್ಚು". ಮ್ಯಾನೇಜರರು ನೋಡುವ ಹಾಳೆಗೆ ಬಣ್ಣ ಬಳಿದು ಗೆರೆ ಹಾಕುವುದಕ್ಕೆ ಮಾತ್ರ "ಒಗ್ಗರಣೆ" ಎಂದಿತ್ತು. "ಹೊಟ್ಟೆ ತುಂಬಾದು ಅನ್ನದಿಂದ, ಇವರು ವಾಸನೆ ನೋಡೇ ಹೊಗಳ್ತಾರೆ" ಎನ್ನುತ್ತಿದ್ದರು.

ವಾರಗಳ ಕೆಲಸ ಒಂದು ಮುಂಜಾನೆಗೆ ಇಳಿಯಿತು. ಅದರ ಫಲವೇನಾಯಿತೆಂಬುದನ್ನೂ ಹೇಳಬೇಕು. ಹುಡುಗಿಯರಿಗೆಲ್ಲ ಬೇರೆ ವಿಭಾಗದಲ್ಲಿ ಕೆಲಸ ಕೊಡುವುದಾಗಿ ಫೈನಾನ್ಸ್ ಮ್ಯಾನೇಜರರು ಅಕ್ಕನಿಗೆ ಹೇಳಿದ್ದರು. ತಿಂಗಳ ಕೊನೆಗೆ ನನ್ನೊಬ್ಬಳನ್ನು ಸಹಾಯಕ್ಕೆಂದು ಉಳಿಸಿಕೊಂಡು ಉಳಿದವರ ಗುತ್ತಿಗೆ ಮುಗಿಸಿದರು. ದುಡಿಮೆಯನ್ನು ಹಗುರ ಮಾಡಿದ ಬುದ್ಧಿಯನ್ನೇ ದುಡಿಯುವವರನ್ನು ಹೊರದಬ್ಬಲು ಬಳಸಿದ್ದು ಮೊದಲ ಅನ್ಯಾಯ. ಅಕ್ಕ ಅಂದು ಬುತ್ತಿ ಬಿಚ್ಚಲಿಲ್ಲ. ಖಾಲಿ ಕುರ್ಚಿಗಳನ್ನು ಮೇಜಿನ ಕೆಳಗೆ ಒಂದೊಂದಾಗಿ ಸರಿಸಿಟ್ಟು ಬಂದು ಕೂತರು, ಅಷ್ಟೆ.

ಮರುವರ್ಷದ ಬಜೆಟ್ ಕಾಲದಲ್ಲಿ ಮ್ಯಾನೇಜರರು ಒಂದು ಹೊಸ ನಿಯಮ ತಂದರು. ಹೋದ ವರ್ಷ ಯಾವ ಬಾಬ್ತಿನಲ್ಲಿ ಖರ್ಚೇ ಆಗಿಲ್ಲವೋ ಆ ಬಾಬ್ತು ಮುಂದಿನ ವರ್ಷಕ್ಕೆ ಸೊನ್ನೆ. ಮತ್ತು ಆ ಸಾಲು ಹಾಳೆಯಲ್ಲಿ ಕಾಣಿಸಲೂ ಬಾರದು. ಎಲ್ಲ ಸಾಲಿಗೂ ಹೀಗೆಯೇ ಮಾಡಬೇಕೇ ಎಂದು ಅಕ್ಕ ಕೇಳಿದರು. ಎಲ್ಲ ಸಾಲಿಗೂ ಎಂದು ಉತ್ತರ ಬಂತು. ಬಾಯಿಮಾತಿನ ಆಜ್ಞೆ. ಮ್ಯಾನೇಜರರು ಸಜ್ಜನರಂತೆ ಮೆಲ್ಲಗೆ ಮಾತಾಡುವವರು, ಯಾವುದನ್ನೂ ಬರೆದುಕೊಡುವವರಲ್ಲ. ಅಕ್ಕ ಆ ನಿಯಮವನ್ನು ಮ್ಯಾಕ್ರೋಗೆ ಕಲಿಸಿದರು. ಅದಕ್ಕೂ ಹೆಸರಿಟ್ಟರು: "ಪಾತ್ರೆ ಬೋರಲು".

ಇಲ್ಲಿ ಒಬ್ಬ ಮೇಸ್ತ್ರಿಯ ವಿಷಯ ಹೇಳಬೇಕು. ಎರಕದ ತುಂಡುಗಳ ಅಂಚನ್ನು ಚಕ್ರಕ್ಕೆ ಹಿಡಿದು ಉಜ್ಜಿ ನಯ ಮಾಡುವ ವಿಭಾಗಕ್ಕೆ ಅವರು ಹಿರಿಯರು, ಲೋಕಿಕೆರೆಯವರು. ಆ ವಿಭಾಗದಲ್ಲಿ ಏಳುವ ಧೂಳು ಸಾಮಾನ್ಯ ಧೂಳಲ್ಲ, ಮರಳಿನ ನುಣುಪು ಪುಡಿ. ಒಳಗೆ ಹೋದರೆ ಶ್ವಾಸಕೋಶವನ್ನು ಬಿಟ್ಟು ಬರುವುದಿಲ್ಲ. ಅದನ್ನು ಹೀರಿಕೊಳ್ಳಲು ಒಂದು ಯಂತ್ರವಿತ್ತು. ಯಂತ್ರದೊಳಗಿನ ಬಟ್ಟೆಯ ಚೀಲಗಳನ್ನು ಕಾಲಕಾಲಕ್ಕೆ ಬದಲಿಸಬೇಕು. ಮೇಸ್ತ್ರಿ ಜಿಪುಣರಲ್ಲ, ಆದರೆ ಹರಿದದ್ದನ್ನು ಎಸೆಯುವುದು ಪಾಪವೆಂದು ನಂಬಿದ ಮನೆತನ. ಹೊಸ ಚೀಲ ತರಿಸುವ ಬದಲು ಹಳೆಯವನ್ನು ಕೋಲಿನಿಂದ ಬಡಿದು, ತೊಳೆದು, ಮಂಡಿಪೇಟೆಯ ಪರಿಚಯದ ಟೇಲರನ ಬಳಿ ತೇಪೆ ಹಾಕಿಸಿ ತರುತ್ತಿದ್ದರು. ಆ ಚಿಲ್ಲರೆ ಖರ್ಚನ್ನು "ಇತರೆ" ಎಂಬ ಬಾಬ್ತಿನಲ್ಲಿ ಬರೆಸುತ್ತಿದ್ದರು. "ಹೊಸಾ ಚೀಲ ಒಂದೂ ತಗಂಡಿಲ್ರಿ ಈ ವರ್ಷ. ಕಂಪ್ನಿ ನಮ್ಮನಿ ಇದ್ದಂಗೆ" ಎಂದು ನಮ್ಮ ಕೋಣೆಗೆ ಬಂದು ಹೆಮ್ಮೆಯಿಂದ ಹೇಳಿಹೋಗುತ್ತಿದ್ದರು. ಮನೆಯೆಂದುಕೊಂಡದ್ದು ಅವರು ಮಾತ್ರ.

ಹೀಗಾಗಿ ಧೂಳು ಚೀಲದ ಬಾಬ್ತಿನಲ್ಲಿ ಖರ್ಚು ಕಾಣಲಿಲ್ಲ. "ಪಾತ್ರೆ ಬೋರಲು" ಓಡಿದಾಗ ಆ ಸಾಲು ಸೊನ್ನೆಯಾಗಿ, ಮರೆಯಾಗಿ ಹೋಯಿತು. ಬೇಸಗೆಯ ಹೊತ್ತಿಗೆ ಚೀಲಗಳು ತೇಪೆಯನ್ನೂ ಹಿಡಿಯದಂತಾದವು. ಮೇಸ್ತ್ರಿ ಹೊಸದಕ್ಕೆ ಬೇಡಿಕೆ ಸಲ್ಲಿಸಿದರು. ಬಜೆಟ್‌ನಲ್ಲಿ ಸಾಲೇ ಇಲ್ಲದ್ದರಿಂದ ತಂತ್ರಾಂಶ ಸ್ವೀಕರಿಸಲಿಲ್ಲ. ಮುಂದಿನ ವರ್ಷ ನೋಡೋಣ ಎಂದರು ಮೇಲಿನವರು. ಹರಿದ ಚೀಲದ ಯಂತ್ರ ಹೀರಿದ ಧೂಳನ್ನೇ ವಾಪಸು ಊದತೊಡಗಿದಾಗ ಅದನ್ನು ನಿಲ್ಲಿಸಿಯೇಬಿಟ್ಟರು. ಚಕ್ರಗಳನ್ನು ಮಾತ್ರ ನಿಲ್ಲಿಸಲಿಲ್ಲ. ಆ ವರ್ಷದ ಕೊನೆಗೆ ಅಲ್ಲಿನ ಒಬ್ಬ ಕೆಲಸಗಾರ, ಕೊಕ್ಕನೂರಿನವನು, ಕೆಮ್ಮಿ ಕೆಮ್ಮಿ ಸತ್ತ. ವರ್ಷಗಳಿಂದ ಆ ಧೂಳು ಕುಡಿದಿದ್ದವನು. ವೈದ್ಯರು ಕ್ಷಯವೆಂದು ಬರೆದರು. ಎಲ್ಲಿ ಕೆಲಸ ಮಾಡುತ್ತಿದ್ದೀಯ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕಾರ್ಖಾನೆಯ ತಪಾಸಣೆಗೆ ಬರಬೇಕಾದವರು ಕಚೇರಿಯಲ್ಲಿ ಕಾಫಿ ಕುಡಿದು ಹೋಗಿದ್ದರು. ಆತನ ಸಾವಿನಲ್ಲಿ ಇವರೆಲ್ಲರ ಪಾಲಿದೆ.

ಸತ್ತವನ ಮನೆಯವರಿಗೆಂದು ವಂತಿಗೆ ಎತ್ತಲು ಬಂದ ಮೇಸ್ತ್ರಿ ಮಾತಿನ ನಡುವೆ ಚೀಲದ ಕತೆ ಹೇಳಿದರು. ಅಕ್ಕ ಎದ್ದು ಅವರ ಹಿಂದೆಯೇ ನಡೆದುಬಿಟ್ಟರು. ಲೆಕ್ಕಪತ್ರ ವಿಭಾಗದ ಹೆಂಗಸರು ಚಕ್ರಗಳಿದ್ದ ಆ ಶೆಡ್ಡಿಗೆ ಕಾಲಿಟ್ಟದ್ದೇ ಇರಲಿಲ್ಲ. ಮರಳಿ ಬಂದಾಗ ಕನ್ನಡಕದ ಗಾಜು ಬೆಳ್ಳಗೆ ಮಸುಕಾಗಿತ್ತು. ಒರೆಸಿಕೊಳ್ಳದೆಯೇ ಪರದೆಯ ಮುಂದೆ ಕೂತರು.

"ನಮ್ಮನೆಯವರು ಹಿಟ್ಟಿನ ಗಿರಣಿ ನಡೆಸ್ತಾರೆ. ದಿನಾ ಸಂಜಿ ಬೆಳ್ಳಗಾಗಿ ಬರ್ತಾರೆ, ಕೊಡವಿದ್ರೆ ಹೋಗ್ತೈತೆ. ಇದು ಹೋಗಲ್ಲ" ಎಂದರು. ಆಮೇಲೆ, "ಈ ಸೊನ್ನೆ ಹಾಕಿದ್ದು ನಾನು."

ಮ್ಯಾನೇಜರ್ ಹೇಳಿದ್ದಕ್ಕೆ ಹಾಕಿದಿರಿ ಎಂದೆ ನಾನು.

"ಹೇಳಿದ್ದು ಎಲ್ಲೈತೆ? ತೋರಿಸು. ಈ ಹಾಳೇಲಿ ಅವರು ಎಲ್ಲದಾರೆ?"

ಹಾಳೆಯಲ್ಲಿ ಯಾರೂ ಇರಲಿಲ್ಲ. ಅಧಿಕಾರದ ನಡಿಗೆಯೇ ಹಾಗೆ: ಕೊಲ್ಲುವ ಸೊನ್ನೆಯನ್ನು ಯಾರೂ ಬರೆಯುವುದಿಲ್ಲ, ಅದು ತಾನಾಗಿಯೇ ಬಂದಂತೆ ಕಾಣುತ್ತದೆ. ಅಕ್ಕ ಆ ವಾರವಿಡೀ ಮ್ಯಾಕ್ರೋ ತಿದ್ದಿದರು. ಕೆಲಸಗಾರರ ದೇಹಕ್ಕೆ ಸಂಬಂಧಿಸಿದ ಸಾಲುಗಳನ್ನು ಬೇರ್ಪಡಿಸಿದರು. ಧೂಳು ಚೀಲ, ಮುಖಗವಸು, ಕೈಗವಸು, ಕುಡಿಯುವ ನೀರು, ಹೆಂಗಸರ ಶೌಚಾಲಯ. ಅವು ಇನ್ನು ಮರೆಯಾಗುವಂತಿರಲಿಲ್ಲ. ಹಣ ಹಾಕಿದರೆ ಮ್ಯಾಕ್ರೋ ಮುಂದೆ ಸಾಗುತ್ತಿತ್ತು. ಸೊನ್ನೆ ಇದ್ದರೆ ನಿಂತು, ಒಂದು ಚಿಕ್ಕ ಚೌಕ ತೆರೆದು, "ಸೊನ್ನೆ ಅಂದವರು ಯಾರು?" ಎಂದು ಕೇಳುತ್ತಿತ್ತು. ಉತ್ತರವಾಗಿ ಬರೆದ ಹೆಸರು ಆ ಸಾಲಿನ ಪಕ್ಕದಲ್ಲಿ ಅಚ್ಚಾಗುತ್ತಿತ್ತು. ಹೆಸರಿಲ್ಲದೆ ಬಜೆಟ್ ಮುಂದೆ ಹೋಗುವಂತಿರಲಿಲ್ಲ.

ಬಜೆಟ್ ಸಭೆಯ ದಿನ ನಾನು ಹಾಳೆ ಹಂಚಲು ಒಳಗಿದ್ದೆ. ಮಾಲೀಕರ ಮನೆಯ ಹಿರಿಯರು, ಮ್ಯಾನೇಜರರು, ವಿಭಾಗದ ಮುಖ್ಯಸ್ಥರು, ಕೊನೆಯ ಕುರ್ಚಿಯಲ್ಲಿ ಮೇಸ್ತ್ರಿ. ಅಕ್ಕ ಅಂದು ಕೈ ತೊಳೆಯದೆ ಬಂದರು. ಒಳಬಂದವರೇ ಗುಂಡಿ ಒತ್ತಿದರು. ಗೋಡೆಯ ಮೇಲೆ ಹಾಳೆಗಳು ಸರಸರನೆ ಹಾದುಹೋಗಿ, ಹೋದ ವರ್ಷವೂ ಖರ್ಚಿಲ್ಲದೆ ಸೊನ್ನೆಯಾಗಿದ್ದ ಧೂಳು ಚೀಲದ ಸಾಲಿಗೆ ಬಂದು ನಿಂತವು. ಚೌಕ ತೆರೆಯಿತು.

ಮ್ಯಾನೇಜರರು ಇದೇನೆಂದು ಮೆಲ್ಲಗೆ ಕೇಳಿದರು.

"ಹೆಸರು ಹಾಕ್ರಿ ಸರ್. ಹಾಕಿದ್ರೆ ಮುಂದಕ್ಕೆ ಹೋಗ್ತೈತೆ."

"ಯಾರ ಹೆಸರಮ್ಮ?"

"ಚೀಲ ಬ್ಯಾಡ ಅಂದವರದ್ದು."

ಬಟ್ಟಲುಗಳಲ್ಲಿ ಚಹಾ ಆರುತ್ತಿತ್ತು. ಮ್ಯಾನೇಜರರ ಕೈ ಕೀಲಿಮಣೆಯವರೆಗೆ ಹೋಗಿ ಹಿಂದೆ ಬಂತು. ಹಿರಿಯರು, "ಅದ್ಯಾವ ಚೀಲಾನ್ರಿ?" ಎಂದರು.

"ಧೂಳು ಹಿಡಿಯೋ ಚೀಲ್ರಿ ಯಜಮಾನ್ರೆ" ಎಂದರು ಮೇಸ್ತ್ರಿ, ಎದ್ದು ನಿಂತು. ಅಷ್ಟು ಹೇಳಲು ನಡುವೆ ಒಮ್ಮೆ ಉಸಿರೆಳೆದುಕೊಂಡರು. ಅದನ್ನು ಎಲ್ಲರೂ ಕೇಳಿಸಿಕೊಂಡರು.

"ರೊಕ್ಕ ಹಾಕ್ರಿ ಅತ್ಲಾಗೆ" ಎಂದರು ಹಿರಿಯರು.

ಆ ವರ್ಷ ಹೊಸ ಚೀಲಗಳು ಬಂದವು, ಯಂತ್ರ ಓಡಿತು. ಮೇಸ್ತ್ರಿ ನಮ್ಮ ಕೋಣೆಗೆ ಖಾರ ಮಂಡಕ್ಕಿ ತಂದು ಹಂಚಿದರು. ಅಕ್ಕ ಅವರನ್ನು, "ಇನ್ನ ಮ್ಯಾಲೆ ತೇಪೆ ಹಾಕಿಸಿದ್ರೆ ಟೇಲರ್ ಅಂಗಡಿಗೇ ಬಂದು ಬೈತೀನಿ ನೋಡಣ್ಣ" ಎಂದು ಗದರಿದರು. ನಾನು ಕಂಡ ಅವರ ನಗು ಅದೇ ಕೊನೆಯದು. ಸ್ವಲ್ಪ ದಿನಕ್ಕೇ ಗುತ್ತಿಗೆದಾರನ ಕಡೆಯವನೊಬ್ಬ ಫೋನು ಮಾಡಿ, ಒಂದನೇ ತಾರೀಕಿನಿಂದ ಬರುವುದು ಬೇಡವೆಂದ. ಕಾರಣವನ್ನು ಬರೆದುಕೊಡಲು ಅಕ್ಕ ಕೇಳಿದರು. ಗುತ್ತಿಗೆಯವರಿಗೆ ಕಾರಣ ಬರೆದುಕೊಡುವ ಪದ್ಧತಿಯಿಲ್ಲವಂತೆ. ಆ ಪದ್ಧತಿ ಎಂಬ ಮಾತಿನಷ್ಟು ನಿರ್ಲಜ್ಜವಾದ ಮಾತು ನಮ್ಮ ಕಾರ್ಖಾನೆಗಳಲ್ಲಿ ಇನ್ನೊಂದಿಲ್ಲ.

ನಾನೂ ಕೆಲಸ ಬಿಟ್ಟು ಕಾರ್ಮಿಕರ ಸಂಘಟನೆ ಸೇರಿದೆ. ಕೊಕ್ಕನೂರಿನವನ ಸಾವಿನ ಬಗ್ಗೆ ದೂರು ಸಿದ್ಧಪಡಿಸುವಾಗ, ಆ ಬಜೆಟ್ ಹಾಳೆಗಳ ಪ್ರತಿ ಕೊಡಿರೆಂದು ಹರಿಹರಕ್ಕೆ ಹೋಗಿ ಅಕ್ಕನನ್ನು ಕೇಳಿದೆ. ಅವರ ಬಳಿ ಪ್ರತಿ ಇರಲಿಲ್ಲ. ಹೊರಡುವ ದಿನ ಎಲ್ಲವನ್ನೂ, ಗುಪ್ತಪದದ ಸಮೇತ, ಒಪ್ಪಿಸಿ ಬಂದಿದ್ದರು. ನನಗೆ ಸಿಟ್ಟು ಬಂತು. ಅದು ಸತ್ತವನಿಗೆ ಸಿಗಬೇಕಾದ ನ್ಯಾಯದ ಸಾಕ್ಷಿ ಎಂದೆ.

"ನೀನು ಭಾಷಣ ಮಾಡು, ಕೂತು ಕೇಳ್ತೀನಿ. ಕದ್ದು ತರಬೇಕಿತ್ತು ಅಂತ ಮಾತ್ರ ಹೇಳಬ್ಯಾಡ" ಎಂದರು.

ಅವರ ನಿಲುವು ತಪ್ಪೆಂದೇ ನಾನು ಇವತ್ತಿಗೂ ತಿಳಿದಿದ್ದೇನೆ. ಮಾಲೀಕರ ಆಸ್ತಿಯ ಬಗೆಗಿನ ಆ ಭಯಭಕ್ತಿ ದುಡಿಯುವವರಿಗೆ ಯಾವ ಕಾಲಕ್ಕೂ ಒಳ್ಳೆಯದು ಮಾಡಿಲ್ಲ. ಪ್ರೀತಿಸಿದವರ ತಪ್ಪನ್ನು ಮುಚ್ಚಿಟ್ಟು ಬರೆದರೆ ಉಳಿದ ತಪ್ಪುಗಳನ್ನು ಹೆಸರಿಸುವ ಹಕ್ಕು ನನಗೆ ಉಳಿಯುವುದಿಲ್ಲ.

ಮರುವರ್ಷದ ಬಜೆಟ್ ಆದ ಮೇಲೆ ಮೇಸ್ತ್ರಿ ನಮ್ಮ ಸಂಘಟನೆಯ ಕಚೇರಿಗೆ ಬಂದರು. ಮಹಡಿಯ ಮೆಟ್ಟಿಲಲ್ಲಿ ಎರಡು ಕಡೆ ಕೂತು ದಣಿವಾರಿಸಿಕೊಂಡಿದ್ದರು. ಧೂಳು ಚೀಲ ಮತ್ತೆ ಸೊನ್ನೆಯಾಗಿತ್ತು. ಯಾಕೆಂದು ಕೇಳಿದ್ದಕ್ಕೆ ಕಂಪನಿ ಕೊಟ್ಟ ಮುದ್ರಿತ ಹಾಳೆಯನ್ನು ಅಂಗಿಯ ಜೇಬಿನಿಂದ ತೆಗೆದು ನನ್ನ ಮುಂದಿಟ್ಟರು. ಆ ಸಾಲಿನ ಪಕ್ಕದಲ್ಲಿ, ಸೊನ್ನೆ ಎಂದವರ ಜಾಗದಲ್ಲಿ, ಅಕ್ಕನ ಹೆಸರಿತ್ತು. ಪೂರ್ತಿ ಹೆಸರು, ತವರಿನ ಅಡ್ಡಹೆಸರಿನ ಮೊದಲಕ್ಷರದ ಸಮೇತ.

"ತಂಗಿ ಹಿಂಗ್ ಮಾಡ್ತಾಳೇನ್ರಿ?" ಎಂದು ಕೇಳಿದರು. ಅವರ ಕಣ್ಣಲ್ಲಿ ನಿಜವಾಗಿಯೂ ಅನುಮಾನವಿತ್ತು. ಒಂದು ಅಚ್ಚಿನ ಹಾಳೆ ಆ ಮನುಷ್ಯನಿಂದ ಏನನ್ನು ಕಸಿದುಕೊಂಡಿತ್ತೆಂದು ನನಗೆ ಆಗ ತಿಳಿಯಿತು.

ಅಕ್ಕ ಬಿಟ್ಟುಹೋದ ಮ್ಯಾಕ್ರೋವನ್ನು ಬಿಚ್ಚಿ ತಿದ್ದುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಒಂದು ಕಡೆ ಮುಟ್ಟಿದರೆ ಇಡೀ ಬಜೆಟ್ ನಿಂತುಹೋದೀತು. ಚೌಕ ಹೆಸರು ಕೇಳುತ್ತಿತ್ತು. ಯಾರೋ ಒಬ್ಬರಿಗೆ ಸುಲಭದ ದಾರಿ ಹೊಳೆದಿತ್ತು. ಆ ಯಾರೋ ಯಾರೆಂಬುದು ನಮಗೆ ಇನ್ನೂ ಗೊತ್ತಾಗಿಲ್ಲ.

ಮರುದಿನವೇ ಹರಿಹರಕ್ಕೆ ಹೋದೆ. ಅಕ್ಕ ಗಿರಣಿಯ ಹಿಂದಿನ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹಾಳೆಯನ್ನು ಓದಿದರು. ಕೂಗಾಡುತ್ತಾರೆಂದುಕೊಂಡಿದ್ದೆ. ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಇನ್ನೊಮ್ಮೆ ಓದಿದರು.

"ಹೆಸರು ಹಾಕಬೇಕು ಅಂತ ಬರೆದೆ. ಯಾವ ಹೆಸರು ಹಾಕಿದ್ರೂ ತಗಂತೈತೆ ಅದು" ಎಂದರು. "ಅದನ್ನ ಪರೀಕ್ಷೆ ಮಾಡೋದು ಬಿಟ್ಟಿದ್ದೆ ನೋಡು. ಬ್ಯಾರೇರ ಹೆಸರು ಬರೀತಾರೆ ಅಂತ ನಂಗೆ ಹೊಳೀಲೇ ಇಲ್ಲ."

ತಾರೀಕಿನ ಒಂದು ಚುಕ್ಕೆ ತಪ್ಪಿದರೂ ಹೆಕ್ಕಿ ತೆಗೆಯುತ್ತಿದ್ದ ಆಕೆ, ಒಬ್ಬರ ಪಾಪಕ್ಕೆ ಇನ್ನೊಬ್ಬರ ಹೆಸರು ಬರೆಯುವ ಮನುಷ್ಯರಿರುತ್ತಾರೆಂಬ ಒಂದನ್ನು ಮಾತ್ರ ಆರಿಸದೆ ಬಿಟ್ಟಿದ್ದರು. ಸುಲಿದ ಕಾಳನ್ನೂ ಸಿಪ್ಪೆಯನ್ನೂ ಒಂದೇ ಮೊರಕ್ಕೆ ಹಾಕುತ್ತಿದ್ದರು, ಅವರಿಗದು ಗೊತ್ತಾಗಲಿಲ್ಲ. ಆಮೇಲೆ ಮೊರವನ್ನು ಬದಿಗೆ ಸರಿಸಿ ತಾವೇ, "ನಡಿ, ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ತೀನಿ" ಎಂದರು.

ಹೇಳಿದರು. ನಮ್ಮ ದೂರಿನ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಹಾಳೆಯನ್ನು ತಿರುವಿ, "ದಾಖಲೆಯಲ್ಲಿ ನಿಮ್ಮದೇ ಹೆಸರಿದೆಯಲ್ಲಮ್ಮ" ಎಂದರು. ಆ ಸೊನ್ನೆ ಬಿದ್ದ ದಿನಕ್ಕೆ ಅಕ್ಕ ಕೆಲಸದಲ್ಲೇ ಇರಲಿಲ್ಲವೆಂದು ನಾನು ವಿವರಿಸಿದೆ. ಪರಿಶೀಲಿಸುವುದಾಗಿ ಹೇಳಿ ಮುಂದೂಡಿದರು. ಮತ್ತೆ ಹೋದಾಗ ಅಧಿಕಾರಿ ರಜೆಯಲ್ಲಿದ್ದರು. ಅದರ ಮುಂದಿನ ಸಲ ಕಂಪನಿಯ ವಕೀಲರು ಬರಲಿಲ್ಲ. ಅಕ್ಕ ಪ್ರತಿ ಸಲವೂ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು, ಬಾಗಿಲ ಬಳಿಯ ಬೆಂಚಿನಲ್ಲಿ ಕೂತು, ಸಂಜೆ ಹರಿಹರದ ಬಸ್ಸು ಹತ್ತುತ್ತಿದ್ದರು. ವಿಚಾರಣೆ ಮುಗಿಯುವ ಮೊದಲೇ ಅವರು ಮುಗಿದುಹೋದರು.

ಮಣ್ಣಿಗೆ ಮೇಸ್ತ್ರಿಯೂ ಬಂದಿದ್ದರು. ನಿವೃತ್ತರಾಗಿದ್ದರು, ಪರಿಹಾರವೇನೂ ಸಿಕ್ಕಿರಲಿಲ್ಲ. ರುದ್ರಭೂಮಿಯವರೆಗೆ ನಡೆಯಲಾಗದೆ ದಾರಿಯ ಮೋರಿಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ತಮ್ಮ ಪಾಲಿನ ಮಣ್ಣನ್ನು ನೀವೇ ಹಾಕಿಬಿಡಿ ಎಂದು, ಹಿಡಿಯಲ್ಲಿ ಹಿಡಿದದ್ದನ್ನು ನನ್ನ ಕೈಗೆ ಸುರಿದರು.

"ಈ ವರ್ಷನೂ ತಂಗಿ ಹೆಸರೇ ಬರದಾರಂತ್ರಿ. ಹುಡುಗ್ರು ಹೇಳಿದ್ರು" ಎಂದರು. ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಹೇಳಿದರು. "ಇನ್ನ ಮುಂದೂ ಬರೀತಾರೆ. ಕೇಳಾಕ ಅವಳಿಲ್ಲ."

ಈ ಬರಹದಲ್ಲಿ ನಾನು ಇಷ್ಟೆಲ್ಲವನ್ನೂ ಹೇಳಿ ಅವರ ಹೆಸರನ್ನೇ ಹೇಳಿಲ್ಲ. ಹೇಳಬೇಕೆಂದೇ ಇದ್ದೆ. ಎಲ್ಲವನ್ನೂ ಹೆಸರಿಟ್ಟು ಕರೆಯಬೇಕೆಂದು ನಂಬಿದವಳು ನಾನು. ಆ ಹೆಸರನ್ನು ದಪ್ಪ ಅಕ್ಷರದಲ್ಲಿ ತಲೆಬರಹವಾಗಿಯೇ ಇಡುವ ಮನಸ್ಸಿತ್ತು. ಅನುಮತಿ ಕೇಳಲು ಅವರ ಗಂಡನ ಗಿರಣಿಗೆ ಹೋದೆ. ಅವರು ಯಂತ್ರ ನಿಲ್ಲಿಸಿ, ಟವೆಲಿನಿಂದ ಮುಖದ ಹಿಟ್ಟು ಒರೆಸಿಕೊಂಡು, ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

"ಹೆಸರು ಬ್ಯಾಡಮ್ಮ" ಎಂದರು. "ಮೊದ್ಲು ಆ ಹಾಳೇಲಿ ಬರೆದಿರೋದನ್ನ ಅವರು ಅಳಿಸ್ಲಿ. ಆಮ್ಯಾಲೆ ನೀನು ಬರಿ."